ಲಕ್ಷದ ಮೇಲೊಂದು ಬತ್ತಿ

ಒಂದು ಲಕ್ಷ ಎಂಬ ಸಂಖ್ಯೆಯನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಪಾಪ, ಸಂಖ್ಯೆ ಏನು ಮಾಡಿತು ಎಂದು ನೀವು ಕೇಳಬಹುದು. ಏನೂ ಮಾಡಲಿಲ್ಲ. ಒಂದರ ಮುಂದೆ ಐದು ಸೊನ್ನೆ ಇಟ್ಟುಕೊಂಡು ತನ್ನ ಪಾಡಿಗೆ ತಾನು ಕೂತಿತ್ತು. ಅದನ್ನು ಎಳೆದು ತಂದು ಬಾಗಿಲಿಗೆ ಅಡ್ಡ ನಿಲ್ಲಿಸಿದವರು ಮತ್ತಿಕೆರೆಯ ಎಂಟು ಜನ ಹೆಂಗಸರು. ನಿಲ್ಲಿಸಿದ್ದು ಮುನಿಯಲ್ಲಮ್ಮ ಒಳಗೆ ಬರಬಾರದು ಎಂದು. ಬಾಯಿಬಿಟ್ಟು ಬೇಡ ಎನ್ನುವುದಕ್ಕೆ ಧೈರ್ಯವಿಲ್ಲದವರು ಲೆಕ್ಕದ ಹಿಂದೆ ಅಡಗಿಕೊಂಡರು.

ನಾನು ಸುಬ್ಬಮ್ಮ, ಕುಣಿಗಲ್ ಕಡೆಯವಳು. ಐವತ್ತೇಳರಲ್ಲಿ, ಹೊಸ ಪೈಸೆ ಬಂದ ವರ್ಷ, ನನ್ನ ಯಜಮಾನರಿಗೆ ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅವರ ಹೆಸರು ನರಸಿಂಹಯ್ಯ. ಮತ್ತಿಕೆರೆಯಲ್ಲಿ ಒಂದು ಮನೆಯ ಅರ್ಧ ಭಾಗವನ್ನು ಬಾಡಿಗೆಗೆ ಹಿಡಿದೆವು. ಇನ್ನರ್ಧ ಭಾಗದಲ್ಲಿ ಮನೆಯೊಡತಿ ಮುನಿಯಲ್ಲಮ್ಮ ಒಬ್ಬಳೇ ಇದ್ದಳು. ಆಗ ಮತ್ತಿಕೆರೆ ಪೂರ್ತಿ ಹಳ್ಳಿ. ಊರ ಸುತ್ತ ರಾಗಿ ಹೊಲ, ಕೆರೆಯ ಕೆಳಗೆ ತೋಟ, ಯಶವಂತಪುರಕ್ಕೆ ಹೋಗುವ ಮಣ್ಣು ದಾರಿ. ರೈಲು ಕೂಗಿದ್ದು ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು.

ಮುನಿಯಲ್ಲಮ್ಮನನ್ನು ನಾನು ಅಕ್ಕ ಎನ್ನುತ್ತಿದ್ದೆ. ಮೂವತ್ತೈದರ ಆಸುಪಾಸಿನ ಹೆಂಗಸು, ಗಟ್ಟಿ ಮೈಕಟ್ಟು, ನಡೆದರೆ ಹಿಂದೆ ಬರುವವರು ಓಡಬೇಕು. ಅಪ್ಪ ಬಿಟ್ಟುಹೋದ ಒಂದು ತುಂಡು ತೋಟದಲ್ಲಿ ದಂಟು, ಸಬ್ಬಸಿಗೆ, ಕೊತ್ತಂಬರಿ ಬೆಳೆದು, ಬೆಳಿಗ್ಗೆ ಮಂಕರಿ ಹೊತ್ತು ಯಶವಂತಪುರದಲ್ಲಿ ಮಾರಿ ಬರುತ್ತಿದ್ದಳು. ಅವಳು ಸೊಪ್ಪಿನ ಕಟ್ಟು ಕಟ್ಟುವುದನ್ನು ನೋಡಬೇಕಿತ್ತು. ಒಂದು ಕಟ್ಟು ಇನ್ನೊಂದಕ್ಕಿಂತ ಒಂದು ಕಡ್ಡಿ ದಪ್ಪ ಇರುತ್ತಿರಲಿಲ್ಲ. ಬಡಿಸುವಾಗಲೂ ಹಾಗೇ, ಹಂಚುವಾಗಲೂ ಹಾಗೇ. ನನ್ನ ಮನೆಗೆ ಹಲಸಿನ ಹಣ್ಣಿನ ತೊಳೆ ಕಳಿಸಿದರೆ ಇಬ್ಬರಿಗೂ ಸಮ ಬರುವಂತೆ ಎಣಿಸಿ ಕಳಿಸುತ್ತಿದ್ದಳು. ಬೆಸ ಬಂದರೆ ಒಂದನ್ನು ಅಲ್ಲೇ ಬಾಯಿಗೆ ಹಾಕಿಕೊಂಡು ಬರುತ್ತಿದ್ದಳು.

ಅವಳ ಗಂಡನ ಹೆಸರು ಕದಿರಪ್ಪ. ದೊಡ್ಡಬಳ್ಳಾಪುರದ ಕಡೆಯಿಂದ ಬಂದ ಮನೆ ಅಳಿಯ. ಮದುವೆಯಾಗಿ ನಾಲ್ಕೈದು ವರ್ಷಕ್ಕೆ ಯಾರೋ ಮೇಸ್ತ್ರಿಯ ಜೊತೆ ತುಂಗಭದ್ರಾ ಅಣೆಕಟ್ಟಿನ ಕೆಲಸಕ್ಕೆ ಹೋದವನು ತಿರುಗಿ ಬರಲಿಲ್ಲ. ಅಣೆಕಟ್ಟು ಮುಗಿದು ನೀರು ನಿಂತಿತು. ಅವನ ಜೊತೆ ಹೋದವರು ಬಂದರು. ಅವನು ಬರಲಿಲ್ಲ. ಹೊಸಪೇಟೆಯಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡಿದ್ದಾನೆ ಎಂದು ಒಬ್ಬ ಹೇಳಿದ. ಬಂಡೆ ಸಿಡಿದಾಗ ಜೀವ ಹೋಯಿತು ಎಂದು ಇನ್ನೊಬ್ಬ ಹೇಳಿದ. ಎರಡನ್ನೂ ಕಣ್ಣಾರೆ ಕಂಡವರಿಲ್ಲ. ಹಾಗಾಗಿ ಅಕ್ಕ ತಾಳಿ ತೆಗೆಯಲಿಲ್ಲ, ಬಳೆ ಒಡೆಯಲಿಲ್ಲ, ಹಣೆಯ ಕುಂಕುಮ ಒಂದು ದಿನವೂ ತಪ್ಪಿಸಲಿಲ್ಲ. ಊರಿನವರು ಎದುರಿಗೆ ಏನೂ ಅನ್ನುತ್ತಿರಲಿಲ್ಲ. ಅವಳು ದಾಟಿ ಹೋದ ಮೇಲೆ ಅನ್ನುತ್ತಿದ್ದರು.

ಇನ್ನು ಲಕ್ಷ ಬತ್ತಿಯ ವಿಷಯ. ಹತ್ತಿಯ ಬೀಜ ಬಿಡಿಸಿ, ಬೆರಳಿಗೆ ವಿಭೂತಿ ಹಚ್ಚಿಕೊಂಡು ಎಳೆ ತೆಗೆದು, ಲಕ್ಷ ಬತ್ತಿ ಹೊಸೆದು, ತುಪ್ಪದಲ್ಲಿ ನೆನೆಸಿ ಕಾರ್ತಿಕದ ಕಡೆಯ ಸೋಮವಾರ ಈಶ್ವರನಿಗೆ ಹಚ್ಚುವುದು. ಎಷ್ಟೋ ಕಡೆ ಒಬ್ಬಳೇ ಹರಕೆ ಹೊತ್ತು ವರ್ಷಗಟ್ಟಲೆ ಮಾಡುತ್ತಾಳೆ. ಮತ್ತಿಕೆರೆಯಲ್ಲಿ ಎಂಟು ಮನೆಯ ಹೆಂಗಸರು ಪಾಲು ಮಾಡಿಕೊಂಡು ಪ್ರತಿ ವರ್ಷ ಮಾಡುತ್ತಿದ್ದರು, ತಲೆಗೆ ಹನ್ನೆರಡೂವರೆ ಸಾವಿರ. ಇದಕ್ಕೆಲ್ಲ ಯಜಮಾನಿ ವೆಂಕಟಲಕ್ಷ್ಮಮ್ಮ. ಊರಿಗೆಲ್ಲ ಹೆಚ್ಚು ಜಮೀನಿದ್ದ ಚಿಕ್ಕಬೈರಪ್ಪನ ಹೆಂಡತಿ. ಗೌರಿ ಹಬ್ಬ ಕಳೆದ ಮೇಲೆ ಆಕೆಯ ಮನೆ ಜಗಲಿಯ ಮೇಲೆ ಹತ್ತಿ ಹಂಚುವುದು. ಕಾರ್ತಿಕದಲ್ಲಿ ಬತ್ತಿ ಒಪ್ಪಿಸುವ ದಿನ ಗುಡಿಯ ಅರ್ಚಕರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗುತ್ತಾರೆ, ಇಂಥವರ ಧರ್ಮಪತ್ನಿ ಇಂಥವಳು ಎಂದು, ಊರೆಲ್ಲ ನಿಂತು ಕೇಳುವ ಹಾಗೆ.

ಅಕ್ಕನಿಗೆ ಬೇಕಾಗಿದ್ದು ಅದೊಂದೇ. ಕದಿರಪ್ಪನ ಧರ್ಮಪತ್ನಿ ಮುನಿಯಲ್ಲಮ್ಮ ಎಂದು ದೇವರ ಮುಂದೆ ಒಂದು ಸಲ ಕೂಗಿಸಿಕೊಳ್ಳಬೇಕು. ಊರು ಹಿಂದಿನಿಂದ ಆಡುವ ಮಾತಿಗೆ ಅದೇ ಉತ್ತರ ಎಂದು ಅವಳ ಲೆಕ್ಕಾಚಾರ. ನಾನು ಬರುವುದಕ್ಕೆ ಮುಂಚಿನ ವರ್ಷ ಹೋಗಿ ಕೇಳಿದ್ದಳು, ನನಗೂ ಒಂದು ಪಾಲು ಕೊಡಿ ಎಂದು. ಆಗ ವೆಂಕಟಲಕ್ಷ್ಮಮ್ಮ ಕೊಟ್ಟ ಉತ್ತರವನ್ನು ಅವಳು ನನಗೆ ಅಕ್ಷರ ಬಿಡದೆ ಹೇಳಿದಳು.

"ಎಂಟು ಜನಕ್ಕಾದ್ರೆ ಸಮ ಓಗ್ತದೆ ಕಣೆ ಮುನಿಯಲ್ಲಿ. ನೀನು ಬಂದ್ರೆ ಒಂಬತ್ತು. ಲಕ್ಷ ಒಂಬತ್ತಕ್ಕೆ ಓಗಲ್ಲ, ಒಂದು ಮಿಗ್ತದೆ. ದೇವರ ಕೆಲಸದಲ್ಲಿ ಶೇಷ ಉಳೀಬಾರ್ದು."

ನಾನು ಲೋಯರ್ ಸೆಕೆಂಡರಿ ಪಾಸು ಮಾಡಿದವಳು. ನೆಲದ ಮೇಲೆ ಇದ್ದಿಲಲ್ಲಿ ಬರೆದು ನೋಡಿದೆ. ನಿಜ. ಒಬ್ಬೊಬ್ಬರಿಗೆ ಹನ್ನೊಂದು ಸಾವಿರದ ನೂರ ಹನ್ನೊಂದು, ಆಮೇಲೆ ಒಂದು ಬತ್ತಿ ಉಳಿಯುತ್ತದೆ. ಒಂದೇ ಒಂದು. ಅದೊಂದನ್ನು ಯಾರು ಬೇಕಾದರೂ ಮಾತಾಡುತ್ತ ಮಾತಾಡುತ್ತ ಹೊಸೆದು ಬಿಸಾಕಬಹುದಿತ್ತು. ಅದಕ್ಕಾಗಿ ಒಂದು ಹೆಣ್ಣನ್ನು ಜಗಲಿಯಿಂದ ಇಳಿಸಿ ಕಳಿಸಿದ್ದರು. ಮೂರಕ್ಕೆ, ಆರಕ್ಕೆ, ಏಳಕ್ಕೆ ಕೂಡ ಹಾಕಿ ನೋಡಿದೆ, ಯಾವುದಕ್ಕೂ ಹೋಗಲಿಲ್ಲ. ಲಕ್ಷವನ್ನು ಒಡೆಯುತ್ತ ಹೋದರೆ ಕಡೆಗೆ ಸಿಕ್ಕುವುದು ಬರೀ ಎರಡು, ಬರೀ ಐದು. ಆ ಎರಡು, ಐದರಿಂದ ಕಟ್ಟಿದ ಎಂಟು, ಹತ್ತು, ಇಪ್ಪತ್ತರಂಥವು ಮಾತ್ರ ಒಳಗೆ. ಮೂರರ ಸಂಬಂಧ ಇರುವ ಯಾರಿಗೂ ಅಲ್ಲಿ ಜಾಗವಿಲ್ಲ.

"ಅಂಗಾದ್ರೆ ಅತ್ತಕ್ಕೆ ಓಗ್ತದಾ?" ಎಂದಳು ಅಕ್ಕ.

"ಹತ್ತಕ್ಕೆ ಸಲೀಸಾಗಿ ಹೋಗುತ್ತೆ. ತಲೆಗೆ ಹತ್ತು ಸಾವಿರ."

"ನೀನು ಬತ್ತೀಯಾ?"

ನನಗೆ ಬತ್ತಿಯ ಮೇಲೆ ಅಂಥ ಭಕ್ತಿಯೇನೂ ಇರಲಿಲ್ಲ. ಆದರೆ ಅವಳು ಕೇಳಿದ ರೀತಿಗೆ ಇಲ್ಲ ಎನ್ನಲಾಗಲಿಲ್ಲ. ಆ ವರ್ಷ ಗೌರಿ ಹಬ್ಬ ಕಳೆದ ಮೇಲೆ ಇಬ್ಬರೂ ತಲೆ ಬಾಚಿ, ಹೂವು ಮುಡಿದು, ಒಳ್ಳೆ ಸೀರೆ ಉಟ್ಟು ಹೋದೆವು. ಜಗಲಿಯ ಮೇಲೆ ಎಂಟು ಜನವೂ ಹತ್ತಿ ಮುಂದಿಟ್ಟುಕೊಂಡು ಕೂತಿದ್ದರು. ಅಕ್ಕ ಕೆಳಗೇ ನಿಂತು ಹೇಳಿದಳು.

"ಅತ್ತು ಜನ ಆದ್ವಿ ಕಣಮ್ಮ. ನಮ್ಮನೇಲಿರೋ ಸುಬ್ಬಮ್ಮನೂ ಬತ್ತಾಳೆ. ತಲೆಗೆ ಅತ್ತು ಸಾವಿರ, ಒಂದೂ ಮಿಗಲ್ಲ."

ವೆಂಕಟಲಕ್ಷ್ಮಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ಅಕ್ಕನ ಕಡೆ ತಿರುಗಿ ನಕ್ಕಳು. "ಈ ಸಲ ಬರೀ ಲಕ್ಷ ಅಲ್ಲ ಕಣೆ, ಲಕ್ಷದ ಒಂದು. ದೇವರಿಗೆ ಬರೀ ಸೊನ್ನೆ ಒಪ್ಪಿಸ್ತಾರಾ? ಮದುವೇಲಿ ಮುಯ್ಯಿ ಇಕ್ಕೋವಾಗ್ಲೂ ಮೇಲೊಂದು ಇಕ್ಕಲ್ವಾ ನಾವು? ಅತ್ತು ಜನಕ್ಕೆ ಮಾಡಿದ್ರೆ ಒಂದು ಮಿಗ್ತದೆ ನೋಡು."

ಈ ಉಪಾಯ ಆಕೆಗೆ ಹಿಂದಿನ ದಿನ ಹೊಳೆದಿತ್ತೋ ಆ ಕ್ಷಣ ಹೊಳೆಯಿತೋ ನನಗೆ ಗೊತ್ತಿಲ್ಲ. ಮಿಕ್ಕ ಏಳು ಜನರ ಮುಖ ನೋಡಿದರೆ ಲಕ್ಷದ ಒಂದು ಎನ್ನುವುದು ಅವರಿಗೂ ಹೊಸ ಸುದ್ದಿ. ನನಗೆ ಸುಮ್ಮನಿರಲಾಗಲಿಲ್ಲ.

"ಎಂಟು ಜನಕ್ಕೆ ಮಾಡಿದ್ರೂ ಒಂದು ಮಿಗುತ್ತಲ್ಲಮ್ಮ?" ಎಂದೆ.

"ಅದು ದೇವರ ಪಾಲು ಕಣಮ್ಮ. ಅದೊಂದನ್ನ ಅಯ್ನೋರ ಮನೆಯೋರು ಒಸೀತಾರೆ."

ನೋಡಿ ಇವರ ನ್ಯಾಯ! ಅಕ್ಕ ಬಂದಾಗ ಮಿಕ್ಕ ಒಂದು ಬತ್ತಿ ಶೇಷ. ಅವರು ಎಂಟೇ ಜನ ಇದ್ದಾಗ ಮಿಕ್ಕ ಅದೇ ಒಂದು ಬತ್ತಿ ದೇವರ ಪಾಲು! ಅರ್ಚಕರ ಹೆಂಡತಿ ಹೋದ ವರ್ಷವೂ ಊರಲ್ಲೇ ಇದ್ದರಲ್ಲ, ಆಗ ಅವರ ಬೆರಳಿಗೆ ಏನಾಗಿತ್ತು? ಇದನ್ನು ಕೇಳಲು ನಾನು ಬಾಯಿ ತೆರೆದಾಗ ಅಕ್ಕ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೊರಟಳು. ದಾರಿಯುದ್ದಕ್ಕೂ ಬೈದುಕೊಂಡು ಬಂದವಳು ನಾನೊಬ್ಬಳೇ.

ಒಂದು ವಾರದ ಮೇಲೆ ಬಾವಿಕಟ್ಟೆಯ ಹತ್ತಿರ ವೆಂಕಟಲಕ್ಷ್ಮಮ್ಮ ನನ್ನನ್ನು ಒಂಟಿಯಾಗಿ ಹಿಡಿದು ನಿಲ್ಲಿಸಿದಳು. ಬಲು ಪ್ರೀತಿಯಿಂದ ಮಾತಾಡಿಸಿದಳು. ಯಜಮಾನರಿಗೆ ಸಂಬಳ ಎಷ್ಟು, ಮಕ್ಕಳು ಇನ್ನೂ ಯಾಕಿಲ್ಲ, ಎಲ್ಲ ವಿಚಾರಿಸಿದಳು. ಆಮೇಲೆ ದನಿ ಇಳಿಸಿದಳು.

"ನೀನು ಬೇಕಾದ್ರೆ ಬಾಮ್ಮ, ಅತ್ತಿ ಕೊಡ್ತೀನಿ. ಅವಳನ್ನ ಯಾಕೆ ಬಾಲದಂಗೆ ಕಟ್ಕೊಂಡು ಬತ್ತೀಯಾ?"

"ನಾನು ಸೇರಿದ್ರೆ ಒಂಬತ್ತಾಯ್ತಲ್ಲ. ಲಕ್ಷದ ಒಂದನ್ನ ಒಂಬತ್ತಕ್ಕೆ ಮಾಡಿದ್ರೆ ಎರಡು ಮಿಗುತ್ತೆ."

"ಅಯ್ಯೋ, ಎರಡು ಬತ್ತಿ ಏನು ಮಹಾ? ನಾನೇ ಒಸೀತೀನಿ ಬಿಡು."

ಕೊಡ ತುಂಬಿರಲಿಲ್ಲ, ಹಾಗೇ ಎತ್ತಿಕೊಂಡು ಬಂದುಬಿಟ್ಟೆ. ಒಂದು ಮಿಕ್ಕರೆ ದೇವರಿಗೆ ದ್ರೋಹ, ಎರಡು ಮಿಕ್ಕರೆ ಏನೂ ಇಲ್ಲ. ಫ್ಯಾಕ್ಟರಿಗೆ ಹೋಗಿ ಸಂಜೆ ಮನೆಗೆ ಬರುವ ಗಂಡ ನನಗಿದ್ದ, ನನ್ನ ಪಾಲಿಗೆ ಲೆಕ್ಕ ಸಡಿಲವಾಯಿತು. ಗಂಡ ಎಲ್ಲಿದ್ದಾನೆಂದು ಅಕ್ಕನಿಗೆ ಗೊತ್ತಿರಲಿಲ್ಲ, ಅವಳ ಪಾಲಿಗೆ ಲೆಕ್ಕ ಬಿಗಿಯಾಯಿತು. ಅಂಥ ಮಾತನ್ನು ಇಟ್ಟುಕೊಳ್ಳುವುದು ನನ್ನ ಜಾಯಮಾನವಲ್ಲ. ಅಕ್ಕ ಸೊಪ್ಪು ಮಾರಿ ಬಂದು ಮಂಕರಿ ಇಳಿಸುತ್ತಿದ್ದ ಹಾಗೇ ಎಲ್ಲ ಹೇಳಿಬಿಟ್ಟೆ. ನಿನಗೆ ಬೇಡ ಅನ್ನೋಕೆ ಲೆಕ್ಕ ಒಂದು ನೆಪ, ಅವರಿಗೆ ಬೇಡದೇ ಇರೋದು ನೀನು ಎಂದೆ.

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಹೇಳಿದಳು.

"ಗೊತ್ತು ಕಣಮ್ಮಿ."

"ಗೊತ್ತಿದ್ದೂ ಯಾಕೆ ಅಕ್ಕ ಹೋಗ್ತೀಯಾ?"

"ಅವರು ಇನ್ನೂ ಬಾಯ್ಬಿಟ್ಟು ಅಂದಿಲ್ಲ. ಲೆಕ್ಕ ಸರಿ ಓಗಲ್ಲ ಅಂತವ್ರೆ, ಅಷ್ಟೇಯ. ಬಾಯ್ಬಿಟ್ಟು ಅಂದ್ಬಿಟ್ರೆ ಊರೇ ಅಂದಂಗಾಯ್ತು. ಲೆಕ್ಕ ನಾನು ಸರಿ ಮಾಡಿ ಮುಂದಿಟ್ರೆ ಆಗ ಇಲ್ಲ ಅನ್ನಾಕೆ ಏನಿರ್ತದೆ ಏಳು? ಮರ್ಯಾದೆಯಾಗಿ ಅತ್ತಿ ಕೊಡ್ಬೇಕು."

ಅವರ ನೆಪವನ್ನೇ ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅವರಿಗೆ ಅದು ಬಾಗಿಲಿನ ಅಗುಳಿ, ಅವಳಿಗೆ ಅದೇ ಒಳಗೆ ಹೋಗುವ ದಾರಿ. ನನಗೆ ಆಗ ಅವಳ ಮೇಲೂ ಕೋಪ ಬಂತು. ಕೋಪ ಬಂದರೂ ಇದ್ದಿಲು ಹುಡುಕಿಕೊಂಡು ಬಂದೆ.

ಲಕ್ಷದ ಒಂದು. ಇದರಷ್ಟು ಹಟಮಾರಿ ಸಂಖ್ಯೆಯನ್ನು ನಾನು ನೋಡಿಲ್ಲ. ಎರಡರಿಂದ ಹತ್ತರ ತನಕ ಒಂದೊಂದನ್ನೇ ಹಾಕಿದೆ. ಸಮಸಂಖ್ಯೆ ಯಾವುದಕ್ಕೂ ಹೋಗಲಿಲ್ಲ. ಕೊನೆಯಲ್ಲಿ ಒಂದು ಇರುವುದರಿಂದ ಐದಕ್ಕೂ ಹೋಗಲಿಲ್ಲ. ಅಂಕಿಗಳನ್ನು ಕೂಡಿದರೆ ಬರೀ ಎರಡು, ಆದ್ದರಿಂದ ಮೂರಕ್ಕೂ ಇಲ್ಲ, ಒಂಬತ್ತಕ್ಕೂ ಇಲ್ಲ. ಏಳಕ್ಕೆ ಹಾಕಿದರೆ ಆರು ಮಿಕ್ಕಿತು. ಬರೀ ಲಕ್ಷವಾದರೂ ಎಂಟಕ್ಕೆ, ಹತ್ತಕ್ಕೆ ಬಾಗಿಲು ತೆಗೆದಿತ್ತು. ಮೇಲೊಂದು ಬಂದು ಕೂತದ್ದೇ ತಡ, ಎಲ್ಲ ಬಾಗಿಲೂ ಮುಚ್ಚಿಕೊಂಡವು. ಇದು ಯಾವುದಕ್ಕೂ ಒಡೆಯುವುದಿಲ್ಲ ಬಿಡಕ್ಕ ಎಂದು ನಾನು ಇದ್ದಿಲು ಎಸೆದೆ.

ಅಕ್ಕ ಅಷ್ಟು ಹೊತ್ತು ಇನ್ನೊಂದು ಮೂಲೆಯಲ್ಲಿ ಹುಣಿಸೆ ಬೀಜದ ಗುಡ್ಡೆ ಹಾಕಿಕೊಂಡು ಕೂತಿದ್ದಳು. ಅವಳಿಗೆ ಬರೆದು ಭಾಗ ಮಾಡುವುದು ಬರುತ್ತಿರಲಿಲ್ಲ, ಹಂಚುವುದು ಬರುತ್ತಿತ್ತು. ಹನ್ನೊಂದು ಗುಡ್ಡೆ ಇಟ್ಟಿದ್ದಳು.

"ಅನ್ನೊಂದು ಜನ ಅಂತ ಇಟ್ಕೋ. ಒಬ್ಬೊಬ್ಬರಿಗೆ ಒಂಬತ್ತು ಸಾವಿರ ಕೊಟ್ಬುಡು. ಎಷ್ಟಾಯ್ತು?"

"ತೊಂಬತ್ತೊಂಬತ್ತು ಸಾವಿರ."

"ಇನ್ನೆಷ್ಟು ಅದೆ?"

"ಸಾವಿರದ ಒಂದು."

"ಅದರಾಗೆ ಒಬ್ಬೊಬ್ಬರಿಗೆ ತೊಂಬತ್ತು ಕೊಡು."

"ಒಂಬೈನೂರ ತೊಂಬತ್ತಾಯ್ತು. ಇನ್ನು ಹನ್ನೊಂದು..." ಎಂದವಳೇ ನಾನು ಗುಡ್ಡೆಗಳನ್ನು ನೋಡಿದೆ.

ಹನ್ನೊಂದು ಮಿಕ್ಕಿತ್ತು, ಹನ್ನೊಂದು ಗುಡ್ಡೆ ಇದ್ದವು. ಅಕ್ಕ ಒಂದೊಂದು ಗುಡ್ಡೆಯ ಮೇಲೆ ಒಂದೊಂದು ಬೀಜ ಇಡುತ್ತ ಹೋದಳು. ಕೈ ಖಾಲಿಯಾಯಿತು. ತಲೆಗೆ ಒಂಬತ್ತು ಸಾವಿರದ ತೊಂಬತ್ತೊಂದು. ನಾನು ನಗುತ್ತ ನಗುತ್ತ ಅತ್ತುಬಿಟ್ಟೆ. ಆಮೇಲೆ ಎಷ್ಟೋ ವರ್ಷಕ್ಕೆ ನನ್ನ ಮಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದ ಮೇಷ್ಟ್ರನ್ನು ಕೇಳಿದೆ. ಆ ಒಂಬತ್ತು ಸಾವಿರದ ತೊಂಬತ್ತೊಂದನ್ನು ಯಾವುದಕ್ಕೂ ಒಡೆಯಲಾಗದಂತೆ. ಅಂದರೆ ಲಕ್ಷದ ಒಂದು ಬತ್ತಿಯನ್ನು ಸಮ ಪಾಲು ಮಾಡಲು ಹನ್ನೊಂದು ಜನ ಬೇಕು, ಇಲ್ಲವೇ ಒಂಬತ್ತು ಸಾವಿರದ ತೊಂಬತ್ತೊಂದು ಜನ ಬೇಕು. ಅಷ್ಟು ಜನ ಆಗಿನ ಮತ್ತಿಕೆರೆ, ಯಶವಂತಪುರ, ಹೆಬ್ಬಾಳ ಎಲ್ಲ ಸೇರಿಸಿದರೂ ಇದ್ದರೋ ಇಲ್ಲವೋ. ವೆಂಕಟಲಕ್ಷ್ಮಮ್ಮ ಗೊತ್ತಿಲ್ಲದೆ ಅಂಥ ಗಟ್ಟಿ ಬೀಗವನ್ನೇ ಹಾಕಿದ್ದಳು.

ಇನ್ನು ಹನ್ನೊಂದನೆಯವಳು ಬೇಕಿತ್ತು. ಯಶವಂತಪುರ ಸ್ಟೇಷನ್ನಿನ ಗ್ಯಾಂಗ್‌ಮನ್ ಪಿಳ್ಳಣ್ಣನ ಹೆಂಡತಿ ಮುನಿಕೃಷ್ಣಮ್ಮ ಅಕ್ಕನ ಹತ್ತಿರ ದಿನಾ ಸೊಪ್ಪು ಕೊಳ್ಳುತ್ತಿದ್ದಳು. ಮತ್ತಿಕೆರೆಯಲ್ಲೇ ಹುಟ್ಟಿದವಳು, ಗುಡಿಯ ಒಕ್ಕಲು. ಅವಳನ್ನು ಒಪ್ಪಿಸುವುದಕ್ಕೆ ಅಕ್ಕ ಎಷ್ಟು ಕಟ್ಟು ಕೊತ್ತಂಬರಿ ಸುಮ್ಮನೆ ಕೊಟ್ಟಳೋ ದೇವರಿಗೇ ಗೊತ್ತು. ಐವತ್ತೆಂಟರಲ್ಲಿ ಗೌರಿ ಹಬ್ಬ ಕಳೆಯಿತು. ಈ ವರ್ಷವೂ ಲಕ್ಷದ ಒಂದೇ ಎಂದು ವೆಂಕಟಲಕ್ಷ್ಮಮ್ಮನ ಬಾಯಿಂದಲೇ ಮೊದಲು ಕೇಳಿ ಖಚಿತ ಮಾಡಿಕೊಂಡೆ. ಆಮೇಲೆ ಮೂವರೂ ಜಗಲಿಯ ಮುಂದೆ ನಿಂತೆವು.

ಅಕ್ಕ ಹೇಳಿದಳು, ಒಂಬತ್ತು ಸಾವಿರ, ತೊಂಬತ್ತು, ಒಂದು. ಒಂದೊಂದನ್ನೂ ಬಿಡಿಸಿ ಹೇಳಿದಳು. ಶೇಷ ಏನೂ ಉಳಿಯಲ್ಲ, ಅಯ್ನೋರ ಮನೆಯೋರಿಗೂ ತೊಂದರೆ ಇಲ್ಲ ಎಂದಳು. ಎಂಟು ಜನರಲ್ಲಿ ಇಬ್ಬರು ಬೆರಳು ಮಡಿಸಿ ಲೆಕ್ಕ ಹಾಕಿ, ಹೌದಲ್ಲ ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವೆಂಕಟಲಕ್ಷ್ಮಮ್ಮ ಹತ್ತಿಯನ್ನು ಕಿತ್ತು ಕಿತ್ತು ಗುಡ್ಡೆ ಮಾಡುತ್ತಿದ್ದಳು. ಇನ್ನೊಂದು ಸಂಖ್ಯೆಯನ್ನು ಹುಡುಕುತ್ತಿದ್ದಳು ಎಂದು ಕಾಣುತ್ತದೆ. ಸಿಗಲಿಲ್ಲ.

"ಇದು ಮುತ್ತೈದೇರು ಮಾಡೋ ಕೆಲಸ ಕಣೆ," ಎಂದಳು ಕಡೆಗೆ. "ನಿನ್ನ ಗಂಡ ಅವ್ನೋ ಇಲ್ವೋ, ಅದು ನಿನಗೇ ಗೊತ್ತಿಲ್ಲ. ಕುಂಕುಮ ಇಕ್ಕೊಂಡು ಬಂದು ನಿಂತ್ಬುಟ್ರೆ ಮುತ್ತೈದೆ ಆಗ್ಬುಡ್ತಾರಾ? ನಾಳೆ ಅವನು ಸತ್ತಿರೋ ಸುದ್ದಿ ಬಂದ್ರೆ ನಾವು ಮಾಡಿದ್ದೆಲ್ಲಾ ಆಳಾಗಲ್ವಾ?"

ಜಗಲಿಯ ಮೇಲಿದ್ದ ಮಿಕ್ಕ ಏಳು ಜನರಲ್ಲಿ ಅಕ್ಕನ ತೋಟದ ಸೊಪ್ಪು ತಿನ್ನದವರಿರಲಿಲ್ಲ. ಹೆರಿಗೆಗೆ ಅವಳನ್ನು ಕರೆಸಿಕೊಂಡವರಿದ್ದರು. ಎಲ್ಲರೂ ತಲೆ ಬಗ್ಗಿಸಿಕೊಂಡು ಹತ್ತಿಯ ಬೀಜ ಬಿಡಿಸುತ್ತಿದ್ದರು. ಆ ಬಗ್ಗಿದ ತಲೆಗಳನ್ನು ನೆನೆಸಿಕೊಂಡರೆ ನನಗೆ ವೆಂಕಟಲಕ್ಷ್ಮಮ್ಮನೇ ವಾಸಿ ಅನ್ನಿಸುತ್ತದೆ. ಆಕೆಯಾದರೂ ಕಡೆಗೆ ಬಾಯಿಬಿಟ್ಟಳು.

ಅಕ್ಕ, "ಈ ಮಾತನ್ನ ಮೊದಲನೇ ವರ್ಷವೇ ಏಳ್ಬೋದಿತ್ತಲ್ಲಮ್ಮ," ಎಂದಳು.

"ಮರ್ಯಾದೆಗೆ ಅಂದಿರಲಿಲ್ಲ ಕಣೆ."

ಮರ್ಯಾದೆಯಂತೆ! ಒಬ್ಬ ಹೆಂಗಸನ್ನು ವರ್ಷ ವರ್ಷವೂ ಬಾಗಿಲಿಗೆ ಅಲೆಸಿ, ಅವಳಿಂದ ಜನ ಹೊಂದಿಸಿ, ಲೆಕ್ಕ ಮಾಡಿಸಿ, ಕಡೆಗೆ ಅವಳ ಗಂಡನನ್ನು ಬೀದಿಯಲ್ಲಿ ಸಾಯಿಸುವುದು ಯಾವ ಊರಿನ ಮರ್ಯಾದೆ? ಇದನ್ನು ನಾನು ಅಲ್ಲೇ ಕೇಳಿದೆ, ಕೂಗಿಯೇ ಕೇಳಿದೆ. ಮುನಿಕೃಷ್ಣಮ್ಮ ನನ್ನ ಬಾಯಿ ಮುಚ್ಚಿಸಲು ನೋಡಿದಳು. ಚಿಕ್ಕಬೈರಪ್ಪ ಒಳಗಿಂದ ಬಂದು ಬಾಗಿಲಲ್ಲಿ ನಿಂತ. ಅಷ್ಟರಲ್ಲಿ ಅಕ್ಕ ಬೀದಿಯ ತಿರುವು ದಾಟಿದ್ದಳು.

ಅವತ್ತು ಸಂಜೆ ಮುನಿಕೃಷ್ಣಮ್ಮನೂ ನಾನೂ ಅವಳ ಮುಂದೆ ಕೂತು, ಅವರ ಹಂಗೇ ಬೇಡ, ಯಶವಂತಪುರದಲ್ಲಿ ಹೆಂಗಸರನ್ನು ಸೇರಿಸಿ ನಾವೇ ಒಂದು ಗುಂಪು ಮಾಡೋಣ ಎಂದೆವು. ಅವಳು ಬೇಡ ಎಂದಳು. ಯಾಕೆಂದರೆ ಅಲ್ಲೂ ಯಾರಾದರೂ ಒಬ್ಬಳು ಎಣಿಸಲು ಶುರುಮಾಡುತ್ತಾಳೆ ಎಂದಳು. ಆಮೇಲೆ ನನ್ನನ್ನು ಕೇಳಿದಳು.

"ಲಕ್ಷದ ಒಂದನ್ನ ಒಬ್ಬಳಿಗೆ ಭಾಗ ಮಾಡಿದ್ರೆ ಏನು ಮಿಗ್ತದೆ ಸುಬ್ಬಮ್ಮ?"

"ಒಬ್ಬಳಿಗೆ ಏನಕ್ಕ ಭಾಗ ಮಾಡೋದು? ಏನೂ ಮಿಗಲ್ಲ."

"ಸರಿ ಅಂಗಾದ್ರೆ."

ಮಾರನೆಯ ವಾರದಿಂದ ಅವಳ ಮನೆಯ ಮೂಲೆಯಲ್ಲಿ ಹತ್ತಿಯ ಮೂಟೆ ಬಂದು ಕೂತಿತು. ಒಂದು ವರ್ಷಕ್ಕೂ ಮೇಲೆ ಅವಳು ಹೊಸೆದಳು. ತೋಟದಿಂದ ಬಂದು ಕೈ ತೊಳೆದರೆ ಬತ್ತಿ, ಮುದ್ದೆಗೆ ಎಸರಿಟ್ಟು ಕಾಯುವಾಗ ಬತ್ತಿ, ನನ್ನ ಜೊತೆ ಜಗಳವಾಡುವಾಗಲೂ ಬತ್ತಿ. ನಾನು ಒಂದು ಸಾವಿರ ಹೊಸೆದು ಕೊಡುತ್ತೇನೆ ಎಂದರೆ ಕೈ ಮುಟ್ಟಗೊಡಲಿಲ್ಲ. ಬೆರಳ ತುದಿಯ ಚರ್ಮ ಸುಲಿದು, ಉಪ್ಪಿನಕಾಯಿ ಮುಟ್ಟಿದರೆ ಉರಿಯುತ್ತದೆ ಎನ್ನುತ್ತಿದ್ದಳು. ನನಗೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ ಒಂದು ದಿನ ಆ ಮೂಟೆಯನ್ನು ಕೆರೆಗೆ ಹಾಕುತ್ತೇನೆ ಎಂದೆ.

"ಇಷ್ಟೆಲ್ಲ ಅನ್ನಿಸಿಕೊಂಡ ಮೇಲೂ ಅದೇ ದೇವರಿಗೆ ಯಾಕಕ್ಕ ಮಾಡ್ಬೇಕು?"

"ಈಶ್ವರ ಏನು ಮಾಡ್ದ? ಅವನೇನು ಭಾಗ ಮಾಡಿ ಅಂದಿದ್ನಾ?" ಎಂದಳು, ಕೈ ನಿಲ್ಲಿಸದೆ.

ಐವತ್ತೊಂಬತ್ತರ ಕಾರ್ತಿಕದ ಕಡೆಯ ಸೋಮವಾರ. ಸಂಜೆ ಬೆಳಕಿರುವಾಗಲೇ ಗುಡಿಯ ಮುಂದೆ ಊರು ಸೇರಿತ್ತು. ಮೊದಲು ಎಂಟು ಜನರ ಬತ್ತಿ. ಅರ್ಚಕರು ಕೃಷ್ಣಯ್ಯನವರು, ವಯಸ್ಸಾದವರು, ಒಳ್ಳೆ ಕಂಠ. "ಚಿಕ್ಕಬೈರಪ್ಪನವರ ಧರ್ಮಪತ್ನಿ ವೆಂಕಟಲಕ್ಷ್ಮಮ್ಮ" ಎಂದು ಶುರುಮಾಡಿ ಎಂಟು ಹೆಸರನ್ನೂ ಗಂಡಂದಿರ ಹೆಸರಿನ ಸಮೇತ ಕೂಗಿದರು. ಅವರೆಲ್ಲ ಕೈಮುಗಿದು ಪಕ್ಕಕ್ಕೆ ಸರಿದು ನಿಂತ ಮೇಲೆ ಅಕ್ಕ ಬಂದಳು. ತಲೆಯ ಮೇಲೆ ಸೊಪ್ಪಿನ ಮಂಕರಿ, ಅದರ ತುಂಬ ನೂರು ನೂರರ ಕಟ್ಟು ಮಾಡಿದ ಬತ್ತಿ. ಇನ್ನೊಂದು ಮಂಕರಿಯನ್ನು ನಾನು ಹೊತ್ತಿದ್ದೆ. ಹೊರುವುದಕ್ಕೆ ಮಾತ್ರ ಒಪ್ಪಿದ್ದಳು.

ಜನ ದಾರಿ ಬಿಟ್ಟರು. ಕೃಷ್ಣಯ್ಯನವರು ಬಗ್ಗಿ ಮಂಕರಿಯನ್ನು ನೋಡಿದರು.

"ಎಷ್ಟಮ್ಮ ಇದು?"

"ಲಕ್ಷದ ಒಂದು ಸ್ವಾಮಿ."

"ಯಾರು ಯಾರು ಸೇರಿ ಮಾಡಿದ್ದು?"

"ನಾನೊಬ್ಳೇಯ."

ಅವರು ಅವಳ ಬೆರಳುಗಳನ್ನು ನೋಡಿದರು. ವೆಂಕಟಲಕ್ಷ್ಮಮ್ಮ ಏನೋ ಹೇಳಲು ಮುಂದೆ ಬಂದಳು. ಕೃಷ್ಣಯ್ಯನವರು ಆ ಕ್ಷಣ ಆಕೆಯ ಕಡೆ ತಿರುಗಲೇ ಇಲ್ಲ. ನೆಟ್ಟಗೆ ನಿಂತು, ಹೂವು ಅಕ್ಷತೆ ಕೈಗೆ ತೆಗೆದುಕೊಂಡು, ಎಂಟು ಜನರಿಗೆ ಕೂಗಿದ್ದಕ್ಕಿಂತ ದೊಡ್ಡ ದನಿಯಲ್ಲಿ ಶುರುಮಾಡಿದರು.

"ಕದಿರಪ್ಪನವರ ಧರ್ಮಪತ್ನಿ..."

ಇದಕ್ಕಾಗಿಯೇ ಅವಳು ಒಂಬತ್ತನೆಯವಳಾಗಲು ನೋಡಿದ್ದಳು, ಹತ್ತನೆಯವಳನ್ನು ಹುಡುಕಿದ್ದಳು, ಹನ್ನೊಂದನೆಯವಳನ್ನು ತಂದಿದ್ದಳು. ಊರೆಲ್ಲ ಕೇಳುತ್ತಿತ್ತು. ವೆಂಕಟಲಕ್ಷ್ಮಮ್ಮನ ಮುಖ ನೋಡಲು ನಾನು ತಿರುಗಿದೆ.

"ಆ ಎಸರು ಬ್ಯಾಡ ಸ್ವಾಮಿ," ಎಂದಳು ಅಕ್ಕ.

ಕೃಷ್ಣಯ್ಯನವರು ನಿಲ್ಲಿಸಿದರು. ತಮಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಕಿವಿ ಮುಂದೆ ಮಾಡಿದರು.

"ಇದರಾಗೆ ಅವನು ಒಂದೂ ಒಸೆದಿಲ್ಲ," ಎಂದಳು. ಕೋಪವಿರಲಿಲ್ಲ, ಸೊಪ್ಪಿನ ಕಟ್ಟಿನ ವಿಷಯ ಹೇಳುವ ದನಿಯಲ್ಲೇ ಹೇಳಿದಳು. "ನನ್ನ ಎಸರು ಒಂದೇ ಏಳಿ."

ಗುಡಿಯಲ್ಲಿ ಅಂಥ ಪದ್ಧತಿ ಇರಲಿಲ್ಲ. ಗಂಡನ ಹೆಸರಿಲ್ಲದೆ, ಅಪ್ಪನ ಹೆಸರಿಲ್ಲದೆ ಒಂದು ಹೆಣ್ಣಿನ ಹೆಸರನ್ನು ಅಲ್ಲಿ ಯಾರೂ ಕೂಗಿದ್ದನ್ನು ನಾನು ಕೇಳಿರಲಿಲ್ಲ. ಮುದುಕರು ಕೈಯಲ್ಲಿದ್ದ ಅಕ್ಷತೆಯನ್ನು ನೋಡಿಕೊಂಡರು, ಲಿಂಗವನ್ನು ನೋಡಿದರು, ಆಮೇಲೆ ಅವಳನ್ನು ನೋಡಿದರು.

"ಮುನಿಯಲ್ಲಮ್ಮ," ಎಂದು ಕೂಗಿದರು. ಅಷ್ಟೇ ಕೂಗಿ ಹೂವು ಹಾಕಿದರು.